ಹಳೇ ಮನೆ ಬಿಲ್ಡರ್‌ಗೆ ಕೊಟ್ಟು ಹೊಸ ಮನೆ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಮೇಲೆ ಎಷ್ಟು?

ಚಿಕ್ಕವಳಿದ್ದಾಗ ಅಮ್ಮನ ಜೊತೆ ಚಿನ್ನದಂಗಡಿಗೆ ಹೋಗುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಹಳೇ ಬಳೆ ಕೊಟ್ಟು ಹೊಸ ಬಳೆ ತೆಗೆದುಕೊಳ್ಳುವ ಕೆಲಸ. ಅಂಗಡಿಯವರು ಒಂದು ಸಲ "ಮಜೂರಿ ಬಿಟ್ಟಿದ್ದೀವಿ ಅಮ್ಮಾ" ಎನ್ನುತ್ತಿದ್ದರು, ಇನ್ನೊಂದು ಸಲ "ನಿಮ್ಮ ಹಳೇದಕ್ಕೆ ಒಳ್ಳೇ ರೇಟ್ ಹಾಕಿದ್ದೀವಿ" ಎನ್ನುತ್ತಿದ್ದರು. ಅಮ್ಮ ಎರಡಕ್ಕೂ ತಲೆಯಾಡಿಸಿ, ಕೊನೆಗೆ ಒಂದೇ ಮಾತು ಕೇಳುತ್ತಿದ್ದರು. "ಅದೆಲ್ಲ ಸರಿ, ನಾನು ಮೇಲೆ ಎಷ್ಟು ಕೊಡಬೇಕು?"

ಇಂಗ್ಲೆಂಡ್‌ನಲ್ಲಿ ಬಿಲ್ಡರ್‌ಗಳು ಕೊಡುವ ಪಾರ್ಟ್ ಎಕ್ಸ್‌ಚೇಂಜ್ ಕೂಡ ಇದೇ ವ್ಯಾಪಾರ. ನಿಮ್ಮ ಹಳೇ ಮನೆಯನ್ನು ಬಿಲ್ಡರ್ ತಾನೇ ಕೊಳ್ಳುತ್ತಾನೆ, ಆ ಹಣವನ್ನು ಹೊಸ ಮನೆಯ ಬೆಲೆಗೆ ವಜಾ ಮಾಡುತ್ತಾನೆ, ಉಳಿದದ್ದನ್ನು ನೀವು ಸಾಲ ಮಾಡಿಯೋ ಉಳಿತಾಯದಿಂದಲೋ ಕಟ್ಟುತ್ತೀರಿ. ನಾವು 2025ರಲ್ಲಿ ಸ್ವಿಂಡನ್‌ನಲ್ಲಿ ಮೂರು ಬೆಡ್‌ರೂಮ್ ಮನೆ ಕೊಟ್ಟು ನಾಲ್ಕು ಬೆಡ್‌ರೂಮ್ ಮನೆಗೆ ಬಂದದ್ದು ಹೀಗೆಯೇ. ಆಮೇಲೆ ಇಲ್ಲಿನ ನಮ್ಮ ಕನ್ನಡದ ಗೆಳೆಯರು ಎಷ್ಟೋ ಜನ ಫೋನ್ ಮಾಡಿ ಕೇಳಿದರು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು, ಇದು ನಿಮಗೆ ಸಿಗುತ್ತದೆಯೇ ನೋಡಿ

ಎಲ್ಲ ಬಿಲ್ಡರ್‌ಗಳೂ ಎಲ್ಲ ಕಡೆಯೂ ಪಾರ್ಟ್ ಎಕ್ಸ್‌ಚೇಂಜ್ ಕೊಡುವುದಿಲ್ಲ. ಬ್ಯಾರಟ್ ರೆಡ್‌ರೋ, ಟೇಲರ್ ವಿಂಪಿ, ಪರ್ಸಿಮನ್, ಬೆಲ್‌ವೇ ತರಹದ ದೊಡ್ಡ ಕಂಪನಿಗಳಲ್ಲಿ ಇದೆ, ಆದರೆ ಆಯ್ದ ಪ್ಲಾಟ್‌ಗಳಿಗೆ (ಬಿಲ್ಡರ್ ಮಾರುವ ಒಂದೊಂದು ಮನೆಗೂ ಇಲ್ಲಿ ಪ್ಲಾಟ್ ಎನ್ನುತ್ತಾರೆ) ಮಾತ್ರ. ನಿಮ್ಮ ಹಳೇ ಮನೆಯ ಬೆಲೆ ಹೊಸ ಮನೆಯ ಬೆಲೆಗಿಂತ ಸಾಕಷ್ಟು ಕಡಿಮೆ ಇರಬೇಕು. ಸಾಮಾನ್ಯವಾಗಿ ಶೇ. 70ರ ಆಸುಪಾಸು ಎನ್ನುತ್ತಾರೆ, ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಳೇದು ಫ್ಲ್ಯಾಟ್ ಆಗಿದ್ದು ಅದರ ಒಡೆತನದ ಲೀಸ್‌ನಲ್ಲಿ ವರ್ಷ ಕಡಿಮೆ ಉಳಿದಿದ್ದರೆ, ಹೊರಗೋಡೆಯ ಹೊದಿಕೆಯ (ಕ್ಲ್ಯಾಡಿಂಗ್) ಸಮಸ್ಯೆ ಇದ್ದರೆ, ಅಥವಾ ಬ್ಯಾಂಕ್ ಸುಲಭವಾಗಿ ಸಾಲ ಕೊಡದ ರೀತಿಯ ಕಟ್ಟಡವಾಗಿದ್ದರೆ ಅವರು ಮುಟ್ಟುವುದೇ ಇಲ್ಲ.

"ಅಸಿಸ್ಟೆಡ್ ಮೂವ್" ಎಂದು ಇನ್ನೊಂದಿದೆ. ಇದರಲ್ಲಿ ಬಿಲ್ಡರ್ ನಿಮ್ಮ ಮನೆ ಕೊಳ್ಳುವುದಿಲ್ಲ, ಎಸ್ಟೇಟ್ ಏಜೆಂಟ್ ಮೂಲಕ ಮಾರಿಸಿಕೊಟ್ಟು ಏಜೆಂಟ್ ಫೀ ಮಾತ್ರ ತಾನು ಕಟ್ಟುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಚೌಕಾಸಿ ಹೊತ್ತಿಗೆ ಕೆಲಸಕ್ಕೆ ಬರುತ್ತದೆ.

ಸೇಲ್ಸ್ ಆಫೀಸಿಗೆ ಕಾಲಿಡುವ ಮೊದಲೇ ನಿಮ್ಮ ಮನೆಯ ಬೆಲೆ ತಿಳಿದುಕೊಳ್ಳಿ

ಇದು ಬಹಳ ಮುಖ್ಯ. ಎಷ್ಟೋ ಜನ ಶೋ ಹೋಮ್ (ತೋರಿಸಲೆಂದೇ ಅಲಂಕರಿಸಿಟ್ಟ ಮಾದರಿ ಮನೆ) ನೋಡಿ, ಅದರ ಅಡುಗೆಮನೆ ನೋಡಿ, ಮಕ್ಕಳು ಮೇಲೆ ಓಡಿ "ಇದು ನನ್ನ ರೂಮು" ಎಂದಮೇಲೆ ಲೆಕ್ಕಕ್ಕೆ ಕೂರುತ್ತಾರೆ. ಅಷ್ಟು ಹೊತ್ತಿಗೆ ಮನಸ್ಸು ಆಗಲೇ ಮನೆ ಕೊಂಡುಬಿಟ್ಟಿರುತ್ತದೆ.

ಮೂರು ಎಸ್ಟೇಟ್ ಏಜೆಂಟ್‌ಗಳನ್ನು ಕರೆಸಿ. ದುಡ್ಡು ಕೇಳುವುದಿಲ್ಲ. ಅವರಿಗೆ ಎರಡು ಪ್ರಶ್ನೆ ಹಾಕಿ: ಎಷ್ಟಕ್ಕೆ ಲಿಸ್ಟ್ ಮಾಡುತ್ತೀರಿ, ಮತ್ತು ಎರಡು ತಿಂಗಳೊಳಗೆ ಮಾರಬೇಕು ಅಂದರೆ ಎಷ್ಟಕ್ಕೆ ಹೋಗುತ್ತದೆ. ಎರಡಕ್ಕೂ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ, ಈಮೇಲ್ ಆದರೂ ಸಾಕು. ಬಿಲ್ಡರ್ ತನ್ನ ಏಜೆಂಟ್‌ಗಳಿಗೆ ಕೇಳುವುದು ಎರಡನೆಯ ಪ್ರಶ್ನೆಯನ್ನೇ, ಅಂದರೆ ಬೇಗ ಮಾರಾಟವಾಗುವ ಬೆಲೆ. ಆ ಪ್ರಶ್ನೆಗೆ ನಿಮ್ಮ ಹತ್ತಿರವೂ ಒಂದು ಉತ್ತರ ಇರಬೇಕು.

ಆಮೇಲೆ ಆಸ್ತಿ ದಾಖಲೆ ಇಡುವ ಸರ್ಕಾರಿ ಇಲಾಖೆ ಲ್ಯಾಂಡ್ ರಿಜಿಸ್ಟ್ರಿಯ ಮಾರಾಟ ಬೆಲೆಗಳನ್ನು ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಇದು ಪುಕ್ಕಟೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ಬೀದಿಯಲ್ಲಿ ಕಳೆದ ಒಂದು ವರ್ಷದಲ್ಲಿ ನಿಜವಾಗಿ ಎಷ್ಟಕ್ಕೆ ಮಾರಿದ್ದಾರೆ ಎನ್ನುವುದು ಅಲ್ಲಿದೆ. ಮನೆ ಮಾರಾಟದ ವೆಬ್‌ಸೈಟ್ ರೈಟ್‌ಮೂವ್‌ನಲ್ಲಿ ಕಾಣುವ ಲಿಸ್ಟಿಂಗ್ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ, ಅಲ್ವಾ? ಹಾಗೆಯೇ ಹೊಸ ಎಸ್ಟೇಟ್‌ನಲ್ಲಿ, ಅಂದರೆ ಬಿಲ್ಡರ್ ಕಟ್ಟುತ್ತಿರುವ ಬಡಾವಣೆಯಲ್ಲಿ, ಆಗಲೇ ಮಾರಿದ ಮನೆಗಳ ಬೆಲೆಯನ್ನೂ ನೋಡಿ. ಅದೇ ಮಾದರಿಯ ಮನೆ ಆರು ತಿಂಗಳ ಹಿಂದೆ ಎಷ್ಟಕ್ಕೆ ಹೋಯಿತು ಎಂದು ಗೊತ್ತಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹೊಸ ಮನೆಗೆ ಒಂದು "ಹೊಸತನದ" ಬೆಲೆ ಸೇರಿರುತ್ತದೆ. ನೀವು ಕೀ ತೆಗೆದುಕೊಂಡ ಮಾರನೇ ದಿನ ಅದು ಸೆಕೆಂಡ್ ಹ್ಯಾಂಡ್ ಮನೆ. ಹಾಗಾಗಿ ಪಕ್ಕದ ಬೀದಿಯ ಐದು ವರ್ಷ ಹಳೇ ಮನೆಗಳ ಬೆಲೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಲೆಕ್ಕ ಹೀಗೆ ಮಾಡಿ

ನಮ್ಮ ಲೆಕ್ಕವನ್ನೇ ಕೊಡುತ್ತೇನೆ, ಓದಲು ಸುಲಭವಾಗಲಿ ಎಂದು ದುಂಡು ಮಾಡಿದ್ದೇನೆ.

ಹೊಸ ಮನೆಗೆ ಕೇಳಿದ ಬೆಲೆ 4,50,000 ಪೌಂಡ್. ನಮ್ಮ ಹಳೇ ಮನೆಗೆ ಬಿಲ್ಡರ್ ಕೊಟ್ಟ ಮೊದಲ ಆಫರ್ 2,80,000. ಸೇಲ್ಸ್ ಆಫೀಸಿನಾಕೆ ಒಂದು ಎ4 ಹಾಳೆಯ ಎಡಗಡೆ ಒಂದು, ಬಲಗಡೆ ಒಂದು ಅಂಕಿ ಬರೆದು, ಎರಡಕ್ಕೂ ಸುತ್ತ ಚೌಕ ಹಾಕಿದಳು. ಎಡಗಡೆಯ ಚೌಕದ ಬಗ್ಗೆ ಹತ್ತು ನಿಮಿಷ ಮಾತು, ಬಲಗಡೆಯ ಚೌಕದ ಬಗ್ಗೆ ಹತ್ತು ನಿಮಿಷ ಮಾತು. ನಾನು ಪೆನ್ ತೆಗೆದುಕೊಂಡು ಎರಡರ ನಡುವೆ ಗೆರೆ ಎಳೆದು ಕೆಳಗೆ 1,70,000 ಎಂದು ಬರೆದೆ. "ರೀ, ಇದೊಂದನ್ನೇ ನೋಡಿ" ಎಂದು ನಮ್ಮ ಮನೆಯವರಿಗೆ ತೋರಿಸಿದೆ. ಆಮೇಲೆ ಒಂದು ತಿಂಗಳು ನಡೆದ ಮಾತೆಲ್ಲ ಆ ಕೆಳಗಿನ ಅಂಕಿಯ ಬಗ್ಗೆಯೇ.

ಈಗ ಇನ್ನೊಂದು ದಾರಿಯ ಲೆಕ್ಕ. ನಾವೇ ಮಾರಿದ್ದರೆ? ಏಜೆಂಟ್‌ಗಳ ಪ್ರಕಾರ ನಮ್ಮ ಮನೆ 2,95,000ಕ್ಕೆ ಹೋಗುತ್ತಿತ್ತು. ಏಜೆಂಟ್ ಫೀ ಶೇ. 1.2, ಅದರ ಮೇಲೆ ಶೇ. 20 ವ್ಯಾಟ್, ಒಟ್ಟು 4,248. ಕೈಗೆ ಬರುವುದು 2,90,752. ಹಳೇ ಮನೆಯ ತಲೆನೋವು ಇಲ್ಲದ ಗಿರಾಕಿಗೆ ಬಿಲ್ಡರ್ ಹೊಸ ಮನೆಯ ಮೇಲೆ ಶೇ. 3 ಬಿಡುತ್ತಾನೆ ಎಂದು ಇಟ್ಟುಕೊಳ್ಳೋಣ, ಆಗ ಬೆಲೆ 4,36,500. ಮೇಲೆ ಕೊಡಬೇಕಾದ್ದು 1,45,748.

1,70,000 ಮತ್ತು 1,45,748. ನಡುವೆ 24,252 ಪೌಂಡ್. ಬಿಲ್ಡರ್ ಕೊಡುವ ಅನುಕೂಲದ ನಿಜವಾದ ಬೆಲೆ ಇದು. "ಏಜೆಂಟ್ ಫೀ ಉಳಿಯಿತು" ಎಂದು ಅವರು ಹೇಳುವುದು ಸುಳ್ಳಲ್ಲ, ಆದರೆ ಉಳಿದದ್ದು ನಾಲ್ಕು ಸಾವಿರ, ಬಿಟ್ಟುಕೊಟ್ಟದ್ದು ಅದರ ಆರು ಪಟ್ಟು.

ಹಾಗಂತ ಪಾರ್ಟ್ ಎಕ್ಸ್‌ಚೇಂಜ್ ಬೇಡ ಎನ್ನುತ್ತಿಲ್ಲ. ಇಲ್ಲಿ ಮನೆ ಮಾರಾಟ ಒಂದು ಚೈನ್. ನಿಮ್ಮ ಮನೆ ಕೊಳ್ಳುವವರು ಅವರ ಮನೆ ಮಾರಬೇಕು, ಅದನ್ನು ಕೊಳ್ಳುವವರು ಇನ್ನೊಂದು ಮಾರಬೇಕು. ಎಲ್ಲೋ ಒಬ್ಬರು ಹಿಂದೆ ಸರಿದರೆ ಸಾಲಾಗಿ ಎಲ್ಲವೂ ಬೀಳುತ್ತದೆ, ಕಟ್ಟಿದ ಸಾಲಿಸಿಟರ್ (ಮನೆ ಕಾಗದ ನೋಡುವ ವಕೀಲರು) ಫೀ, ಸರ್ವೆ ಫೀ ಎಲ್ಲ ಹೋಯಿತು. ನಮಗೆ ಅದಕ್ಕೂ ಎರಡು ವರ್ಷ ಮುಂಚೆ ಒಮ್ಮೆ ಹಾಗೆ ಆಗಿತ್ತು. ಮಗಳ ಶಾಲೆಯ ಅರ್ಜಿಗೆ ಹೊಸ ವಿಳಾಸ ಬೇಕಾಗಿದ್ದ ಹೊತ್ತಿನಲ್ಲೇ ಕೊಳ್ಳುವವರು ಕೈಬಿಟ್ಟರು. ಆ ಮೂರು ತಿಂಗಳು ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಹಾಗಾಗಿ ಖಚಿತವಾಗಿ ಕೈಗೆ ಬರುವ ಮನೆಗೆ ಸ್ವಲ್ಪ ಜಾಸ್ತಿ ಕೊಡಲು ನಾವು ತಯಾರಿದ್ದೆವು. ಎಷ್ಟು ಜಾಸ್ತಿ ಎಂದು ಮೊದಲೇ ಕೂತು ತೀರ್ಮಾನ ಮಾಡಿಕೊಂಡಿದ್ದೆವು. ಹತ್ತು ಸಾವಿರ ಪೌಂಡ್, ಅದಕ್ಕಿಂತ ಮೇಲೆ ಹೋದರೆ ನಾವೇ ಮಾರುವುದು. ನೀವೂ ಹೀಗೆ ಒಂದು ಅಂಕಿ ಬರೆದಿಟ್ಟುಕೊಂಡೇ ಹೋಗಿ.

ಯಾವಾಗ ಹೋಗಬೇಕು, ಯಾವ ಪ್ಲಾಟ್ ಕೇಳಬೇಕು

ದೊಡ್ಡ ಬಿಲ್ಡರ್‌ಗಳಿಗೆಲ್ಲ ಹಣಕಾಸು ವರ್ಷದ ಕೊನೆ ಒಂದು ಒತ್ತಡದ ಕಾಲ. ಬ್ಯಾರಟ್ ರೆಡ್‌ರೋ ವರ್ಷ ಮುಗಿಯುವುದು ಜೂನ್ ಕೊನೆಗೆ, ಬೆಲ್‌ವೇಗೆ ಜುಲೈ ಕೊನೆಗೆ, ಟೇಲರ್ ವಿಂಪಿ ಮತ್ತು ಪರ್ಸಿಮನ್‌ಗೆ ಡಿಸೆಂಬರ್ ಕೊನೆಗೆ. ಮಾರಾಟ ಅವರ ಲೆಕ್ಕಕ್ಕೆ ಬರುವುದು ನೀವು ಫೀ ಕಟ್ಟಿ ಮನೆ ಕಾಯ್ದಿರಿಸಿದ (ರಿಸರ್ವೇಷನ್) ದಿನ ಅಲ್ಲ, ಕೀ ಕೈಬದಲಾಗುವ ದಿನ. ಆದ್ದರಿಂದ ಅವರ ವರ್ಷದ ಕೊನೆಗೆ ಮೂರು ತಿಂಗಳ ಮುಂಚೆ, ಕಟ್ಟಿ ಮುಗಿದು ಖಾಲಿ ನಿಂತಿರುವ ಅಥವಾ ಮುಗಿಯುತ್ತಾ ಬಂದಿರುವ ಪ್ಲಾಟ್ ಹುಡುಕಿ. ಇನ್ನೂ ತಳಪಾಯ ಹಾಕುತ್ತಿರುವ ಮನೆಗೆ ಚೌಕಾಸಿ ಮಾಡುವುದು ಕಷ್ಟ.

ನಮ್ಮವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಪೂರ್ವಕ್ಕೆ ಬಾಗಿಲು ಇರುವ ಮನೆ ಬೇಕು ಎಂದು ಹುಡುಕುತ್ತೇವೆ. ನಾವೂ ಹುಡುಕಿದೆವು. ಅದು ತಪ್ಪಲ್ಲ, ಆದರೆ ಅದನ್ನು ಸೇಲ್ಸ್ ಆಫೀಸಿನಲ್ಲಿ ಹೇಳಬೇಡಿ. ಗೋಡೆಯ ಮೇಲಿನ ಎಸ್ಟೇಟ್ ನಕ್ಷೆಯಲ್ಲಿ ಪೂರ್ವದ ಬಾಗಿಲಿನ ಪ್ಲಾಟ್ ಎರಡೇ ಉಳಿದಿವೆ, ಇವರಿಗೆ ಅದೇ ಬೇಕು ಎಂದು ಅವರಿಗೆ ಗೊತ್ತಾದ ಕ್ಷಣ ನಿಮ್ಮ ಕೈ ಕಟ್ಟಿದ ಹಾಗೆ. ಮನೆಯಲ್ಲೇ ಮೊಬೈಲ್ ದಿಕ್ಸೂಚಿ ಮತ್ತು ನಕ್ಷೆ ಇಟ್ಟುಕೊಂಡು ನಿಮಗೆ ಒಪ್ಪುವ ಎಲ್ಲ ಪ್ಲಾಟ್ ಗುರುತು ಹಾಕಿಕೊಳ್ಳಿ. ಆಫೀಸಿನಲ್ಲಿ ಮೂರು ನಾಲ್ಕು ಪ್ಲಾಟ್‌ಗಳ ಬೆಲೆ ಕೇಳಿ, ನಿಮ್ಮ ಇಷ್ಟದ್ದನ್ನು ನಡುವೆ ಎಲ್ಲೋ ಕೇಳಿ.

ಮುಹೂರ್ತದ ವಿಷಯವೂ ಅಷ್ಟೆ. ಒಳ್ಳೇ ಆಫರ್ ಸಿಗುವ ಮನೆಗಳ ಕೀ ಕೈಗೆ ಬರುವ ಜೂನ್ ಕೊನೆ, ಜುಲೈ ನಮಗೆ ಆಷಾಢಕ್ಕೆ ಬೀಳುವುದೇ ಹೆಚ್ಚು. ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ ಎಂದು ಎಷ್ಟೋ ಜನ ಆ ಆಫರ್ ಬಿಟ್ಟುಬಿಡುತ್ತಾರೆ. ಕಾಗದದ ಮೇಲೆ ಮನೆ ನಿಮ್ಮದಾಗುವುದು ಬೇರೆ, ಹಾಲು ಉಕ್ಕಿಸುವುದು ಬೇರೆ. ಆಷಾಢ ಹುಟ್ಟುವ ಮೊದಲೇ ಕೀ ತೆಗೆದುಕೊಂಡು ಹಾಲು ಉಕ್ಕಿಸಿಬಿಡಬಹುದು, ಅಥವಾ ಶ್ರಾವಣದಲ್ಲಿ ಪೂಜೆ ಇಟ್ಟುಕೊಳ್ಳಬಹುದು. ಆದರೆ ಪಾರ್ಟ್ ಎಕ್ಸ್‌ಚೇಂಜ್‌ನಲ್ಲಿ ಹೊಸ ಮನೆಯ ಕೀ ಬಂದ ದಿನವೇ ಹಳೇ ಮನೆಯ ಕೀ ಕೊಡಬೇಕಾಗುತ್ತದೆ. ಆದ್ದರಿಂದ ಕೀ ಕೊಡಲು ಒಂದೆರಡು ವಾರ ಸಮಯ ಕೊಡಿ ಎಂದು ಮೊದಲೇ ಕೇಳಿ. ಕೆಲವು ಬಿಲ್ಡರ್‌ಗಳು ಒಪ್ಪುತ್ತಾರೆ. ಅವರಿಗೆ ಇದರಿಂದ ಖರ್ಚು ಹೆಚ್ಚಿಲ್ಲ, ನಿಮಗೆ ಬಹಳ ದೊಡ್ಡ ಉಪಕಾರ.

ವ್ಯಾಲ್ಯುಯೇಷನ್‌ಗೆ ಬರುವ ದಿನ

ಬಿಲ್ಡರ್ ಕಡೆಯಿಂದ ಸಾಮಾನ್ಯವಾಗಿ ಎರಡು ಅಥವಾ ಮೂರು ಸ್ಥಳೀಯ ಏಜೆಂಟ್‌ಗಳು ಬಂದು ಮನೆ ನೋಡುತ್ತಾರೆ. ಮನೆ ಚೊಕ್ಕಟವಾಗಿರಲಿ, ಬೆಳಕು ಇರಲಿ, ಅಂದು ಬೆಳಗ್ಗೆ ಒಗ್ಗರಣೆ ಬೇಡ. ಬಾಯ್ಲರ್ ಸರ್ವಿಸ್ ಕಾಗದ, ಕಿಟಕಿ ಬದಲಿಸಿದ್ದರೆ ಅದರ ಸರ್ಟಿಫಿಕೇಟ್, ಹಿಂದೆ ಕೋಣೆ ಕಟ್ಟಿಸಿದ್ದರೆ ಬಿಲ್ಡಿಂಗ್ ರೆಗ್ಯುಲೇಷನ್ ಒಪ್ಪಿಗೆ, ಎಲ್ಲ ಒಂದು ಫೈಲ್‌ನಲ್ಲಿ ಮೇಜಿನ ಮೇಲೆ ಇಡಿ. ಕಾಗದ ಇಲ್ಲದ ಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ, ಬದಲಿಗೆ ಕಳೆಯುತ್ತಾರೆ. ಗೋಡೆಯಲ್ಲಿ ತೇವ ಇದ್ದರೆ ಮುಚ್ಚಿಡಬೇಡಿ. ಆಮೇಲೆ ಸರ್ವೆಯರ್ ಬಂದಾಗ ಸಿಕ್ಕಿಬೀಳುತ್ತದೆ, ಕೊನೇ ವಾರದಲ್ಲಿ ಆಫರ್ ಇಳಿಸುತ್ತಾರೆ, ಆಗ ನಿಮಗೆ ಬೇರೆ ದಾರಿ ಇರುವುದಿಲ್ಲ. ಮೊದಲೇ ರಿಪೇರಿ ಮಾಡಿಸಿ ಬಿಲ್ ಇಟ್ಟುಕೊಳ್ಳಿ.

ಆಫರ್ ಬಂದ ಮೇಲೆ

ಮೊದಲ ಆಫರ್‌ಗೆ ಅಲ್ಲೇ ಉತ್ತರ ಕೊಡಬೇಡಿ. "ಮನೆಗೆ ಹೋಗಿ ಲೆಕ್ಕ ಹಾಕಿ ಹೇಳುತ್ತೇವೆ" ಎಂದು ಎದ್ದು ಬನ್ನಿ. ಎರಡು ದಿನ ಬಿಟ್ಟು ಈಮೇಲ್ ಬರೆಯಿರಿ. ಫೋನ್‌ನಲ್ಲಿ ಬೇಡ, ಬರಹದಲ್ಲೇ ಇರಲಿ. ಅವರ ಏಜೆಂಟ್‌ಗಳು ಕೊಟ್ಟ ಬೆಲೆ ಎಷ್ಟು ಎಂದು ಕೇಳಿ. ಎಲ್ಲರೂ ಕೊಡುವುದಿಲ್ಲ, ಕೇಳಲು ಏನೂ ಅಡ್ಡಿಯಿಲ್ಲ. ನಿಮ್ಮ ಮೂರು ಏಜೆಂಟ್‌ಗಳ ಈಮೇಲ್, ಬೀದಿಯ ಮಾರಾಟ ಬೆಲೆ ಜೊತೆಗಿಡಿ.

ಈಗ ಒಂದು ಒಳಗಿನ ವಿಷಯ. ಹೊಸ ಮನೆಯ ಬೆಲೆ ಇಳಿಸಲು ಬಿಲ್ಡರ್‌ಗೆ ಮನಸ್ಸಿರುವುದಿಲ್ಲ, ಯಾಕೆಂದರೆ ಆ ಬೆಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಬೀಳುತ್ತದೆ, ಪಕ್ಕದ ಪ್ಲಾಟ್ ಕೊಳ್ಳಲು ಬರುವವರು ನಾಳೆ ಅದನ್ನೇ ತೋರಿಸಿ ಕೇಳುತ್ತಾರೆ. ಹಳೇ ಮನೆಗೆ ಸ್ವಲ್ಪ ಜಾಸ್ತಿ ಕೊಡುವುದು, ಫ್ಲೋರಿಂಗ್ ಹಾಕಿಕೊಡುವುದು ಅವರಿಗೆ ಸುಲಭ. ನಿಮಗಾದರೋ ಹೊಸ ಮನೆಯ ಬೆಲೆ ಇಳಿದರೇ ಲಾಭ ಜಾಸ್ತಿ, ಸ್ಟಾಂಪ್ ಡ್ಯೂಟಿಯೂ ಇಳಿಯುತ್ತದೆ. ಹಾಗಾಗಿ ಮೊದಲು ಬೆಲೆ ಇಳಿಸಲು ಕೇಳಿ. ಅವರು ಗಟ್ಟಿಯಾಗಿ ನಿಂತರೆ "ಸರಿ, ಬೆಲೆ ಹಾಗೇ ಇರಲಿ, ನನಗೆ ಮೇಲೆ ಕೊಡುವ ದುಡ್ಡು 1,55,000ಕ್ಕೆ ಬರಬೇಕು, ಹೇಗೆ ತರುತ್ತೀರಿ ನೀವೇ ಹೇಳಿ" ಎಂದು ಚೆಂಡನ್ನು ಅವರ ಕಡೆಗೆ ಬಿಡಿ. ನಾವು ಹೀಗೇ ಮಾಡಿದೆವು. ಸೇಲ್ಸ್‌ನವರ ಕೈಯಲ್ಲಿ ಅಷ್ಟು ಅಧಿಕಾರ ಇರಲಿಲ್ಲ, ಮೇಲಿನವರಿಗೆ ಹೋಯಿತು, ವಾರ ಬಿಟ್ಟು ಉತ್ತರ ಬಂತು. ಹಳೇ ಮನೆಗೆ 2,87,000, ಹೊಸ ಮನೆಗೆ 4,42,000. ಮೇಲೆ 1,55,000.

ನಾವೇ ಮಾರಿದ್ದರೆ ಆಗುತ್ತಿದ್ದ ಲೆಕ್ಕಕ್ಕಿಂತ ಇದು 9,252 ಜಾಸ್ತಿ. ಬರೆದಿಟ್ಟುಕೊಂಡ ಹತ್ತು ಸಾವಿರದೊಳಗೆ ಬಂತು, ಒಪ್ಪಿಕೊಂಡೆವು.

ಉತ್ತರ ಬಾರದೇ ಇದ್ದರೆ "ಹಾಗಾದರೆ ಅಸಿಸ್ಟೆಡ್ ಮೂವ್ ಕೊಡಿ" ಎಂದು ಕೇಳಬಹುದು, ಅಥವಾ ಹತ್ತಿರದ ಇನ್ನೊಂದು ಎಸ್ಟೇಟ್‌ನ ಬಿಲ್ಡರ್ ಹತ್ತಿರ ನಿಮ್ಮ ಮನೆಗೆ ಆಫರ್ ತೆಗೆದುಕೊಳ್ಳಬಹುದು. ಆದರೆ ಇಲ್ಲದ ಆಫರ್ ಇದೆ ಎಂದು ಹೇಳಬೇಡಿ. ತೋರಿಸಿ ಎಂದರೆ ಮಾತೇ ಬಿದ್ದುಹೋಗುತ್ತದೆ.

ನಿಮ್ಮ ಗರಿಷ್ಠ ಬಜೆಟ್ ಎಷ್ಟು, ಬ್ಯಾಂಕ್ ಎಷ್ಟು ಸಾಲ ಕೊಡುತ್ತದೆ, ಇದನ್ನು ಸೇಲ್ಸ್ ಆಫೀಸಿನಲ್ಲಿ ಹೇಳಬೇಡಿ. "ನಮ್ಮ ಬ್ರೋಕರ್ ಹತ್ತಿರ ಒಂದು ಸಲ ಮಾತಾಡಿ" ಎಂದು ಕೂರಿಸುತ್ತಾರೆ. ಈ ಮನೆಯ ಬೆಲೆಗೆ ಸಾಲ ಸಿಗುತ್ತದೆ ಎಂದು ನಿಮ್ಮ ಬ್ಯಾಂಕಿನ ಪತ್ರ ತೋರಿಸಿದರೆ ಸಾಕು. ಬಿಲ್ಡರ್ ಹೇಳಿದ ಬ್ರೋಕರ್‌ನನ್ನೋ ಸಾಲಿಸಿಟರ್‌ನನ್ನೋ ಹಿಡಿಯಬೇಕು ಎಂಬ ಕಡ್ಡಾಯ ಇಲ್ಲ. ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್ (ಹೊಸ ಮನೆ ಮಾರುವ ಬಿಲ್ಡರ್‌ಗಳ ನಿಯಮಾವಳಿ) ಒಪ್ಪಿಕೊಂಡ ಬಿಲ್ಡರ್ ಹಾಗೆ ಒತ್ತಾಯ ಮಾಡುವಂತಿಲ್ಲ.

ಬಿಟ್ಟಿ ಕೊಡುಗೆಗಳು

ಕಾರ್ಪೆಟ್, ಟೈಲ್ಸ್, ಹಿತ್ತಲಿಗೆ ಹುಲ್ಲುಹಾಸು, ಫ್ರಿಜ್, ವಾಷಿಂಗ್ ಮಷಿನ್, ಸ್ಟಾಂಪ್ ಡ್ಯೂಟಿ ನಾವು ಕಟ್ಟುತ್ತೇವೆ ಎನ್ನುವುದು, ಇವೆಲ್ಲ ಇನ್‌ಸೆಂಟಿವ್. ಇವಕ್ಕೆ ನಿಜವಾಗಿಯೂ ಬೆಲೆ ಇದೆ, ಆದರೆ ಅವರ ಪಟ್ಟಿಯ ಬೆಲೆಗೆ ಮರುಳಾಗಬೇಡಿ, ಅದೇ ಕಾರ್ಪೆಟ್ ಹೊರಗಿನವರು ಎಷ್ಟಕ್ಕೆ ಹಾಕುತ್ತಾರೆ ಎಂದು ಒಂದು ಕೊಟೇಷನ್ ತೆಗೆದುಕೊಂಡು ಆ ಬೆಲೆಯನ್ನೇ ನಿಮ್ಮ ಲೆಕ್ಕಕ್ಕೆ ಹಾಕಿ.

ಈ ಕೊಡುಗೆಗಳಿಗೆ ಬ್ಯಾಂಕಿನವರ ಮಿತಿ ಇದೆ. ಬಿಲ್ಡರ್ ಕೊಡುವ ಎಲ್ಲವನ್ನೂ, ಪಾರ್ಟ್ ಎಕ್ಸ್‌ಚೇಂಜ್ ಸೇರಿ, ಬ್ಯಾಂಕುಗಳ ಸಂಘವಾದ ಯುಕೆ ಫೈನಾನ್ಸ್‌ನ ಡಿಸ್‌ಕ್ಲೋಷರ್ ಫಾರ್ಮ್‌ನಲ್ಲಿ ಬರೆಯಬೇಕು. ಅದು ಬ್ಯಾಂಕ್ ಮತ್ತು ಅವರ ವ್ಯಾಲ್ಯುಯರ್ ಕೈಗೆ ಹೋಗುತ್ತದೆ. ಅನೇಕ ಬ್ಯಾಂಕುಗಳು ಕೊಡುಗೆ ಶೇ. 5ಕ್ಕಿಂತ ಮೇಲೆ ಹೋದರೆ ಹೆಚ್ಚಿನದನ್ನು ಮನೆಯ ಬೆಲೆಯಿಂದ ಕಳೆದು ಸಾಲ ಲೆಕ್ಕ ಹಾಕುತ್ತವೆ. 4,50,000ಕ್ಕೆ ಶೇ. 5 ಅಂದರೆ 22,500. "ಇದನ್ನು ಫಾರ್ಮ್‌ನಲ್ಲಿ ಹಾಕುವುದು ಬೇಡ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಬ್ಯಾಂಕಿಗೆ ಮೋಸ.

ಬ್ಯಾಂಕಿನ ವ್ಯಾಲ್ಯುಯರ್ ಹೊಸ ಮನೆಯ ಬೆಲೆ ಕಡಿಮೆ ಎಂದು ಬರೆದರೆ ಗಾಬರಿಯಾಗಬೇಡಿ. ಆ ವರದಿ ಹಿಡಿದು ಮತ್ತೆ ಬಿಲ್ಡರ್ ಹತ್ತಿರ ಹೋಗಿ. ನೀವಲ್ಲ, ಮೂರನೆಯವರು ಹೇಳಿದ ಬೆಲೆ ಅದು.

ನಮ್ಮ ಅಡುಗೆಗೆ ಬೇಕಾದ್ದನ್ನು ಮಾತ್ರ ಮರೆಯದೆ ಕೇಳಿ. ಹೊಸ ಮನೆಗಳಲ್ಲಿ ಒಲೆ ಮೇಲಿನ ಚಿಮಣಿ ಎಷ್ಟೋ ಕಡೆ ಗಾಳಿಯನ್ನು ಹೊರಗೆ ಬಿಡುವುದಿಲ್ಲ, ಒಂದು ಫಿಲ್ಟರ್ ಮೂಲಕ ಎಳೆದು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮನೆಗೆ ಅದು ಸಾಲದು. ಗೋಡೆ ಕೊರೆದು ಪೈಪ್ ಹೊರಗೆ ಬಿಡುವ ಚಿಮಣಿ ಬೇಕು ಎಂದು ಅಡುಗೆಮನೆ ಜೋಡಿಸುವ ಮೊದಲೇ ಹೇಳಿ. ಆಮೇಲೆ ಕೇಳಿದರೆ ಆಗುವುದಿಲ್ಲ ಎನ್ನುತ್ತಾರೆ. ಒಲೆ ಇಂಡಕ್ಷನ್ ಆಗಿದ್ದರೆ ನಿಮ್ಮ ಹಿತ್ತಾಳೆ, ತಾಮ್ರದ ಪಾತ್ರೆ ಅದರ ಮೇಲೆ ಕಾಯುವುದಿಲ್ಲ, ಹಾಲು ಉಕ್ಕಿಸಲು ಮ್ಯಾಗ್ನೆಟ್ ಅಂಟುವ ಸ್ಟೀಲ್ ಪಾತ್ರೆ ಬೇಕು. ನಾವು ಚಿಮಣಿಯನ್ನು ಮಾತುಕತೆಯ ಕೊನೆಯಲ್ಲಿ ಕೇಳಿದೆವು, ಬೆಲೆಯೆಲ್ಲ ಒಪ್ಪಿಗೆಯಾದ ಮೇಲೆ, ಇದೊಂದು ಮಾಡಿಕೊಟ್ಟರೆ ಇವತ್ತೇ ರಿಸರ್ವೇಷನ್ ಫೀ ಕಟ್ಟುತ್ತೇವೆ ಎಂದು. ಆಗಲಿ ಎಂದರು.

ತೆರಿಗೆ, ಹಳೇ ಸಾಲ

"ಮೇಲೆ ಕೊಡುವ ದುಡ್ಡಿಗೆ ಮಾತ್ರ ಸ್ಟಾಂಪ್ ಡ್ಯೂಟಿ" ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಹೊಸ ಮನೆಯ ಪೂರ್ತಿ ಬೆಲೆಗೆ ಕಟ್ಟಬೇಕು. ಏಪ್ರಿಲ್ 2025ರಿಂದ ಇಂಗ್ಲೆಂಡ್‌ನಲ್ಲಿ ಮೊದಲ 1,25,000ಕ್ಕೆ ಏನೂ ಇಲ್ಲ, ಅಲ್ಲಿಂದ 2,50,000ವರೆಗೆ ಶೇ. 2, ಅಲ್ಲಿಂದ 9,25,000ವರೆಗೆ ಶೇ. 5. 4,50,000 ಮನೆಗೆ 12,500 ಆಗುತ್ತದೆ, 4,42,000ಕ್ಕೆ 12,100. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತೆರಿಗೆಯೂ ಅದರ ದರವೂ ಬೇರೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಫ್ಲ್ಯಾಟ್ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಿ. ಎರಡನೇ ಮನೆಗೆ ಇರುವ ಶೇ. 5 ಹೆಚ್ಚುವರಿ ತೆರಿಗೆಗೆ ಭಾರತದ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ತಟ್ಟುತ್ತದೆ. ಆದರೆ ನೀವು ವಾಸವಿದ್ದ ಮನೆ ಮಾರಿ ಅದರ ಬದಲಿಗೆ ವಾಸಕ್ಕೇ ಇನ್ನೊಂದು ಕೊಂಡರೆ ಈ ಹೆಚ್ಚುವರಿ ಇಲ್ಲ. ಪಾರ್ಟ್ ಎಕ್ಸ್‌ಚೇಂಜ್‌ನಲ್ಲಿ ಹಳೇದು ಅದೇ ದಿನ ಹೋಗುವುದರಿಂದ ಇದು ಸಲೀಸು. ಹಳೇ ಮನೆಯನ್ನು ಬಾಡಿಗೆಗೆ ಕೊಟ್ಟು ನೀವು ಬೇರೆ ಕಡೆ ಇದ್ದವರಾದರೆ ಹಾಗಲ್ಲ. 4,50,000ಕ್ಕೆ 22,500 ಹೆಚ್ಚುವರಿ ಬೀಳಬಹುದು. ಅಷ್ಟೇ ಅಲ್ಲ, ಕಳೆದ ಎರಡು ವರ್ಷದಲ್ಲಿ ನೀವು ಒಮ್ಮೆಯೂ ಅಲ್ಲಿ ವಾಸವಿರದಿದ್ದರೆ ಹಳೇ ಮನೆ ಕೊಳ್ಳುವ ಬಿಲ್ಡರ್‌ಗೆ ಸಿಗುವ ತೆರಿಗೆ ವಿನಾಯಿತಿಯೂ ತಪ್ಪುತ್ತದೆ, ಆ ಹೊರೆಯನ್ನು ಅವನು ನಿಮ್ಮ ಆಫರ್‌ನಲ್ಲೇ ಕಳೆಯುತ್ತಾನೆ. ಇಂಥವರು ಮೊದಲು ಸಾಲಿಸಿಟರ್ ಹತ್ತಿರ ಮಾತಾಡಿ.

ಹಳೇ ಮನೆ ಹೆಲ್ಪ್ ಟು ಬೈ ಸಾಲದಲ್ಲಿ (ಮನೆ ಬೆಲೆಯ ಒಂದು ಪಾಲನ್ನು ಸರ್ಕಾರ ಸಾಲವಾಗಿ ಕೊಡುತ್ತಿದ್ದ ಯೋಜನೆ) ಕೊಂಡದ್ದಾ? ಸರ್ಕಾರದ ಪಾಲು ತೀರಿಸುವಾಗ ಮಾರಿದ ಬೆಲೆ ಮತ್ತು ಸರ್ವೆಯರ್ ಕಟ್ಟಿದ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. ಬಿಲ್ಡರ್ 2,80,000 ಕೊಟ್ಟು ಸರ್ವೆಯರ್ 2,95,000 ಬರೆದರೆ, ಶೇ. 20 ಪಾಲು ಅಂದರೆ 59,000 ಕಟ್ಟಬೇಕು, 56,000 ಅಲ್ಲ. ಬಿಲ್ಡರ್ ಕಡಿಮೆ ಕೊಟ್ಟ ನಷ್ಟ ಪೂರ್ತಿ ನಿಮ್ಮ ತಲೆಗೇ ಬರುತ್ತದೆ. ಹಾಗೆಯೇ ಈಗಿನ ಮಾರ್ಟ್‌ಗೇಜ್ (ಮನೆ ಸಾಲ) ಅವಧಿಗೆ ಮೊದಲೇ ತೀರಿಸಿದರೆ ದಂಡ ಎಷ್ಟು, ಹೊಸ ಮನೆಗೆ ಅದನ್ನೇ ವರ್ಗಾಯಿಸಬಹುದಾ (ಪೋರ್ಟ್) ಎಂದು ಬ್ಯಾಂಕಿಗೆ ಫೋನ್ ಮಾಡಿ ಕೇಳಿ.

ಸಹಿ ಹಾಕುವ ಮೊದಲು ಬರಹದಲ್ಲಿ ಇರಬೇಕಾದ್ದು

ರಿಸರ್ವೇಷನ್ ಮಾಡಿದ ಮೇಲೆ ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್ ಪ್ರಕಾರ 14 ದಿನ ಯೋಚಿಸಲು ಅವಕಾಶ ಇದೆ, ಅಷ್ಟರೊಳಗೆ ಬೇಡ ಎಂದರೆ ಫೀ ಪೂರ್ತಿ ವಾಪಸ್. ಆ 14 ದಿನ ಸುಮ್ನೆ ಕೂರಬೇಡಿ. ನಿಮ್ಮ ಸಾಲಿಸಿಟರ್‌ಗೆ ಕಾಗದ ಓದಲು ಕೊಡಿ.

ಹಳೇ ಮನೆಗೆ ಒಪ್ಪಿದ ಬೆಲೆ ಎಷ್ಟು ದಿನ ಹಾಗೇ ಇರುತ್ತದೆ? ಇದು ಬಹಳ ಜನಕ್ಕೆ ಹೊಳೆಯದ ಪ್ರಶ್ನೆ. ಹೊಸ ಮನೆ ಕಟ್ಟುವುದು ನಾಲ್ಕು ತಿಂಗಳು ತಡವಾಗಿ, ಅಷ್ಟರಲ್ಲಿ ನಿಮ್ಮ ಹಳೇ ಮನೆಗೆ ಮತ್ತೆ ವ್ಯಾಲ್ಯುಯೇಷನ್ ಮಾಡಿಸುತ್ತೇವೆ ಎಂದರೆ ಏನು ಮಾಡುತ್ತೀರಿ? ತಡ ಅವರದಾದರೆ ಬೆಲೆ ಬದಲಾಗಬಾರದು ಎಂದು ಬರೆಸಿಕೊಳ್ಳಿ. ಹಳೇ ಮನೆಯಲ್ಲಿ ಏನೇನು ಬಿಟ್ಟುಹೋಗಬೇಕು, ಏನು ತೆಗೆದುಕೊಂಡು ಹೋಗಬಹುದು, ಅದೂ ಬರಹದಲ್ಲಿ ಇರಲಿ. ಕೊನೆಗೆ ಅವರು ಒಂದು ಸಲ ಬಂದು ನೋಡುತ್ತಾರೆ, ಪರದೆ ಕಂಬಿ ಕಿತ್ತ ತೂತಿಗೂ ದುಡ್ಡು ಕಳೆಯುವವರಿದ್ದಾರೆ. ಸೇಲ್ಸ್‌ನವರು ಬಾಯಿಮಾತಿನಲ್ಲಿ ಒಪ್ಪಿದ್ದು, ಚಿಮಣಿ, ಕಾರ್ಪೆಟ್, ಎರಡು ವಾರದ ಸಮಯ, ಎಲ್ಲವೂ ರಿಸರ್ವೇಷನ್ ಕಾಗದದಲ್ಲಿ ಸೇರಲಿ. ಅವರು ಕೆಲಸ ಬಿಟ್ಟು ಹೋದರೆ ಬಾಯಿಮಾತು ಅವರ ಜೊತೆಯೇ ಹೋಗುತ್ತದೆ.

ಎಸ್ಟೇಟ್‌ನ ರಸ್ತೆ, ಪಾರ್ಕು ಕೌನ್ಸಿಲ್‌ಗೆ ಹೋಗುತ್ತದೆಯೇ ಅಥವಾ ಖಾಸಗಿ ಕಂಪನಿಯ ಕೈಯಲ್ಲೇ ಉಳಿಯುತ್ತದೆಯೇ ಕೇಳಿ. ಖಾಸಗಿಯಾದರೆ ಪ್ರತಿ ವರ್ಷ ಮ್ಯಾನೇಜ್‌ಮೆಂಟ್ ಚಾರ್ಜ್ ಇರುತ್ತದೆ, ಕೌನ್ಸಿಲ್ ಟ್ಯಾಕ್ಸ್ ಮೇಲೆ ಇನ್ನೊಂದು. ಈ ವರ್ಷ ಎಷ್ಟು, ಏರಿಕೆಗೆ ಮಿತಿ ಇದೆಯೇ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಕೀ ತೆಗೆದುಕೊಳ್ಳುವ ವಾರ

ಹೊಸ ಮನೆಯನ್ನು ಕೀ ತೆಗೆದುಕೊಳ್ಳುವ ಮೊದಲೇ ಸ್ವತಂತ್ರ ಸ್ನ್ಯಾಗಿಂಗ್ (ಕಟ್ಟಿದ್ದರಲ್ಲಿ ದೋಷ ಹುಡುಕುವ) ಇನ್‌ಸ್ಪೆಕ್ಟರ್ ಕೈಲಿ ನೋಡಿಸುವ ಹಕ್ಕನ್ನು ಅದೇ ಕೋಡ್ ಕೊಡುತ್ತದೆ. ಕೆಲವು ನೂರು ಪೌಂಡ್ ಖರ್ಚು. ನಮ್ಮ ಮನೆಯಲ್ಲಿ ಆತ ಬಾತ್‌ರೂಮ್ ನೆಲದ ಮೇಲೆ ಒಂದು ಗೋಲಿ ಇಟ್ಟ, ಅದು ಮೋರಿಯ ಕಡೆ ಹೋಗದೆ ಬಾಗಿಲ ಕಡೆ ಉರುಳಿ ಬಂತು. ನೆಲದ ವಾಟ ತಪ್ಪಿತ್ತು. ಬರೀ ಕಣ್ಣಿಗೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಕೀ ಕೊಡುವ ಮೊದಲೇ ಅದನ್ನು ಕಿತ್ತು ಸರಿಮಾಡಿದರು. ಕೀ ಬಂದ ಮೇಲೂ ಸಣ್ಣಪುಟ್ಟ ದೋಷ ಕಾಣುತ್ತಲೇ ಇರುತ್ತವೆ. ಹೊಸ ಮನೆಗಳಿಗೆ ವಾರಂಟಿ ಕೊಡುವ ಸಂಸ್ಥೆ ಎನ್‌ಎಚ್‌ಬಿಸಿಯ 10 ವರ್ಷದ ವಾರಂಟಿಯಲ್ಲಿ ಮೊದಲ 2 ವರ್ಷ ಬಿಲ್ಡರ್ ಜವಾಬ್ದಾರಿ, ಆಮೇಲೆ ಕಟ್ಟಡದ ದೊಡ್ಡ ದೋಷಗಳಿಗೆ ಮಾತ್ರ ರಕ್ಷಣೆ. ಪ್ರತಿಯೊಂದನ್ನೂ ಫೋಟೋ ತೆಗೆದು, ತಾರೀಖು ಹಾಕಿ ಈಮೇಲ್ ಮಾಡಿ. ಮಾತು ಕೇಳದಿದ್ದರೆ ಇಂಥ ದೂರು ವಿಚಾರಿಸುವ ನ್ಯೂ ಹೋಮ್ಸ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಬಿಲ್ಡರ್ ಅದರಲ್ಲಿ ನೋಂದಾಯಿಸಿದ್ದಾರೆಯೇ ಎಂದು ರಿಸರ್ವೇಷನ್‌ಗೆ ಮೊದಲೇ ನೋಡಿಕೊಂಡಿರಿ.

ಹಳೇ ಮನೆ ಬಿಡುವ ದಿನ ಗ್ಯಾಸ್, ಕರೆಂಟ್, ನೀರಿನ ಮೀಟರ್ ಫೋಟೋ ತೆಗೆಯಿರಿ. ಪ್ರತಿ ಕೋಣೆಯನ್ನೂ ಖಾಲಿ ಮಾಡಿದ ಮೇಲೆ ಒಂದು ವಿಡಿಯೋ ಮಾಡಿ, ಗೋಡೆ, ನೆಲ, ಕಿಟಕಿ ಎಲ್ಲ ಕಾಣುವ ಹಾಗೆ. ನಾವು ಬಿಟ್ಟು ಹತ್ತು ದಿನಕ್ಕೆ ಹಿತ್ತಲ ಶೆಡ್‌ನ ಬಾಗಿಲು ಮುರಿದಿದೆ ಎಂದು ಬಿಲ್ಡರ್ ಕಡೆಯವರಿಂದ ಈಮೇಲ್ ಬಂತು. ನಮ್ಮ ಮನೆಯವರು ಆ ವಿಡಿಯೋ ಕಳಿಸಿದರು. ಮತ್ತೆ ಅವರಿಂದ ಉತ್ತರ ಬರಲಿಲ್ಲ.